ಡಬ್ಬಿಯೊಳಗಿನ ದುಡ್ಡು

ನಾಣ್ಯ ನಮ್ಮ ಕೈ ಬಿಟ್ಟು ಬಹಳ ಕಾಲವಾದರೂ ಬಾಯಿ ಬಿಟ್ಟು ಹೋಗಿಲ್ಲ. ಕೆಲಸಕ್ಕೆ ಬಾರದವನನ್ನು ಈಗಲೂ 'ಮೂರು ಕಾಸಿಗೂ ಬೆಲೆಯಿಲ್ಲದವನು' ಎನ್ನುತ್ತೇವೆ. ನಿಜವನ್ನು ಒತ್ತಿ ಹೇಳಬೇಕಾದಾಗ 'ಹದಿನಾರಾಣೆ ಸತ್ಯ' ಎನ್ನುತ್ತೇವೆ. ಸಣ್ಣತನ ತೋರಿದವರದು 'ಚಿಲ್ಲರೆ ಬುದ್ಧಿ'. ಈ ಮಾತುಗಳನ್ನು ಆಡುವವರಲ್ಲಿ ಅರ್ಧಕ್ಕರ್ಧ ಜನ ಮೂರು ಕಾಸನ್ನೂ ಕಂಡಿಲ್ಲ, ಆಣೆಯನ್ನೂ ಕಂಡಿಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಹದಿನಾರಾಣೆ ಎಂದರೆ ಹದಿನಾರು ಸಲ ಆಣೆ ಇಟ್ಟು ಹೇಳಿದ ಮಾತು ಎಂದೇ ತಿಳಿದಿದ್ದಳು. ಅವಳ ಊಹೆಯೂ ಕೆಟ್ಟದ್ದೇನಲ್ಲ ಬಿಡಿ.

ನಾಣ್ಯ ಹೀಗೆ ಕಣ್ಮರೆಯಾದ ಹಾಗೆ ನಾಣ್ಯ ಕೂಡಿಸುವ ಹವ್ಯಾಸವೂ ಮೆಲ್ಲಗೆ ಮರೆಯಾಗುತ್ತಿದೆ. ಒಂದು ಕಾಲಕ್ಕೆ ಬೀದಿಗೊಬ್ಬ ಹುಡುಗ ಅಂಚೆಚೀಟಿಯನ್ನೋ ನಾಣ್ಯವನ್ನೋ ಕೂಡಿಸುತ್ತಿದ್ದ. ಈಗ ಆ ಹುಡುಗರು ಮುದುಕರಾಗಿದ್ದಾರೆ, ಅವರ ಡಬ್ಬಿಗಳು ಅಟ್ಟ ಸೇರಿವೆ. ಕೇಳಿದರೆ ಎಲ್ಲರೂ ಹೇಳುವುದು ಒಂದೇ ಕಾರಣ: 'ಈಗ ಯಾರಿಗೆ ಪುರುಸೊತ್ತಿದೆ?' ನನಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಪುರುಸೊತ್ತು ಇಲ್ಲದವರು ದಿನಕ್ಕೆ ಎರಡು ಗಂಟೆ ಮೊಬೈಲು ಉಜ್ಜುತ್ತಾ ಕೂರುವುದನ್ನು ನಾವು ನೋಡುತ್ತಿಲ್ಲವೇ? ಆಸಕ್ತಿ ಬತ್ತಿದ್ದಕ್ಕೆ ಬೇರೆಯೇ ಕಾರಣಗಳಿವೆ. ಅವು ಸ್ವಲ್ಪ ಹಿಂದಿನ ಚರಿತ್ರೆಯಲ್ಲಿವೆ, ಸ್ವಲ್ಪ ನಮ್ಮ ನಮ್ಮ ಅಡುಗೆಮನೆಗಳಲ್ಲಿವೆ.

ನಮ್ಮೂರು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ, ದೊಡ್ಡ ಕೆರೆಯ ಪಕ್ಕದಲ್ಲಿದೆ. 1997ರವರೆಗೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನವರಾಗಿದ್ದ ನಾವು, ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿದೆವು. ಆಮೇಲೆ ನ್ಯಾಮತಿ ತಾಲ್ಲೂಕಾದಾಗ ನ್ಯಾಮತಿಯವರಾದೆವು. ಊರು ಅಲ್ಲೇ ಇದೆ, ಕೆರೆಯೂ ಅಲ್ಲೇ ಇದೆ, ಕಾಗದದ ಮೇಲಿನ ಮೊಹರು ಮಾತ್ರ ಬದಲಾಯಿತು. ನಾಣ್ಯದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಲೋಹ ಅದೇ, ಮುದ್ರೆ ಬೇರೆ.

ನಮ್ಮ ಹಳೆಯ ತಾಲ್ಲೂಕಿನ ಹೆಸರಿನಲ್ಲೇ ಹೊನ್ನು ಕೇಳಿಸುತ್ತದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಕನ್ನಡ ಶಾಸನಗಳಲ್ಲಿ ದೇವರ ದೀಪಕ್ಕೆ, ಕೆರೆಯ ಕೆಲಸಕ್ಕೆ, ಸುಂಕಕ್ಕೆ ಎಣಿಸುತ್ತಿದ್ದ ಹಣದ ಹೆಸರುಗಳು ಎಷ್ಟು ಚೆಂದ! ಗದ್ಯಾಣ, ಪಣ, ಹಾಗ, ವೀಸ. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರು ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಇವರ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕವು. ಎರಡು ಸಾವಿರ ವರ್ಷಗಳ ಹಿಂದೆ ಸಮುದ್ರ ದಾಟಿ ಬಂದ ಆ ದುಡ್ಡಿಗೆ ನಮ್ಮವರು ಏನು ಮಾರಿದರೋ, ಯಾವ ಹೆಣ್ಣುಮಗಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳೋ ಎಂದು ಯೋಚಿಸುವುದು ನನಗೆ ಇಷ್ಟ.

ಆಮೇಲೆ ನಮ್ಮ ಸೀಮೆಯಲ್ಲಿ ಓಡಾಡಿದ್ದು ಕೆಳದಿ ಅರಸರ ಇಕ್ಕೇರಿ ವರಾಹ. ಒಂದು ಕಡೆ ಶಿವಪಾರ್ವತಿಯರು ಕೂತಿರುತ್ತಾರೆ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ' ಎಂದಿರುತ್ತದೆ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಜನರ ಬಾಯಲ್ಲಿ ಅದು ಇಕ್ಕೇರಿ ವರಾಹವಾಗಿಯೇ ಉಳಿಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಹಿಡಿದವನು ಶಿವಪಾರ್ವತಿಯರನ್ನು ತೆಗೆಯಲಿಲ್ಲ. ಒಂದು ಮುಖದಲ್ಲಿ ಅವರನ್ನು ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವೊಂದನ್ನು ಒತ್ತಿಸಿದ. ವ್ಯಾಪಾರಿಗಳು ನಂಬಿದ ಮುದ್ರೆಯನ್ನು ಕೆಡಿಸಬಾರದೆಂಬ ಜಾಣತನ ಅದು. ಅವನ ಮಗ ಟಿಪ್ಪು ತಾಮ್ರದ ಕಾಸಿನ ಮೇಲೆ ಆನೆಯನ್ನು ತಂದ, ಕಾಸುಗಳಿಗೆ ನಕ್ಷತ್ರ ಗ್ರಹಗಳ ಹೆಸರಿಟ್ಟ. ಅವನ ಪೈಸೆಯ ಹೆಸರು ಜೊಹ್ರಾ, ಅಂದರೆ ಶುಕ್ರ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿಂಹದ ಗುರುತಿನ 'ಮಯಿಲಿ ಕಾಸು' ಬಂತು. ಕನ್ನಡ, ಪಾರ್ಸಿ, ಇಂಗ್ಲಿಷು ಮೂರೂ ಅಕ್ಷರಗಳು ಒಂದೇ ಕಾಸಿನ ಮೇಲೆ! 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿಯೇ ಹೋಯಿತು. ಅಲ್ಲಿಂದಾಚೆಗೆ ನಮ್ಮ ನಾಣ್ಯಗಳ ಮೇಲೆ ಕನ್ನಡವಿಲ್ಲ.

ಇಷ್ಟು ಬಗೆಯ ನಾಣ್ಯಗಳು ಓಡಾಡಿದ ಕಾಲದಲ್ಲಿ ನಮ್ಮ ಕಡೆ ಹವ್ಯಾಸಕ್ಕೆಂದು ಅದನ್ನು ಕೂಡಿಸುತ್ತಿದ್ದವರು ಯಾರು? ಗಂಡಸರು ಹಣ ಹೂಳಿಟ್ಟರು, ಸಾಲ ಕೊಟ್ಟರು, ಕಂದಾಯ ಕಟ್ಟಿದರು. ಒಂದೊಂದು ಬಗೆಯನ್ನೂ ಆರಿಸಿ, ಚೆಂದವಾದದ್ದನ್ನು ತೆಗೆದಿರಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಹೆಂಗಸರು. ಅದಕ್ಕೆ ಹವ್ಯಾಸ ಎಂಬ ಹೆಸರಿರಲಿಲ್ಲ, ಅಷ್ಟೇ. ಕಾಸಿನ ಸರ ಎಂದರೇನು? ಕೊರಳಿಗೆ ಹಾಕಿಕೊಂಡ ನಾಣ್ಯಸಂಗ್ರಹ. ಪುತ್ಥಳಿ ಸರಕ್ಕೆ ಆ ಹೆಸರು ಬಂದದ್ದು ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯದಿಂದ. ಅದರ ಮೇಲೆ ನಿಂತ ಮನುಷ್ಯರ ಚಿತ್ರವಿತ್ತು, ನಮ್ಮವರ ಕಣ್ಣಿಗೆ ಅದು ಗೊಂಬೆಯಾಗಿ ಕಂಡಿತು, ಪುತ್ಥಳಿ ಎಂದರು. ಮುಂದೆ ಅಕ್ಕಸಾಲಿಗರು ಅದೇ ಅಚ್ಚನ್ನು ನೋಡಿ ತಾವೇ ಬಿಲ್ಲೆ ಮಾಡತೊಡಗಿದರು. ಮದುವೆಯಲ್ಲಿ ಪುತ್ಥಳಿ ಸರ ಹಾಕಿಕೊಂಡು ಮೆರೆದ ನಮ್ಮ ಅಜ್ಜಿಯರಿಗೆ ಅದು ವೆನಿಸ್ಸಿನ ಅಚ್ಚೆಂದು ಯಾರೂ ಹೇಳಿರಲಿಕ್ಕಿಲ್ಲ.

ನಮ್ಮ ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ. ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಬಂಜಾರರು ದೂರದೂರದಿಂದ ಬರುವ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನಲ್ಲೇ ಇದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಸಂತೆಗೆ ಬರುತ್ತಿದ್ದ ಲಂಬಾಣಿ ಅಜ್ಜಿಯರ ಕೊರಳಲ್ಲಿ ರೂಪಾಯಿಯ ಹಾರ, ಕುಪ್ಪಸದ ಮೇಲೆ ಸಾಲಾಗಿ ಹೊಲಿದ ಪಾವಲಿಗಳು ಇರುತ್ತಿದ್ದವು. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್, ಹೀಗೆ ಇಡೀ ರಾಜವಂಶ ಒಂದು ಹಾರದಲ್ಲಿ ನೇತಾಡುತ್ತಿತ್ತು. ಯಾವ ವಸ್ತುಸಂಗ್ರಹಾಲಯದಲ್ಲೂ ಅಷ್ಟು ಚೆನ್ನಾಗಿ ಜೋಡಿಸಿರುವುದಿಲ್ಲ. ಅದು ಅವರ ಬ್ಯಾಂಕು, ಅವರ ವಂಶಾವಳಿ, ನಡೆದಾಗ ಘಲ್ಲೆನ್ನುವ ಅವರ ಹಾಡು. ಆ ಹಾರಗಳಲ್ಲಿ ಹೆಚ್ಚಿನವು ಈಗಿಲ್ಲ. ಏಕಿಲ್ಲ ಎಂಬುದಕ್ಕೆ ಮುಂದೆ ಬರುತ್ತೇನೆ.

ಈಗ ನಾವು ಹವ್ಯಾಸ ಎನ್ನುವ ಅರ್ಥದಲ್ಲಿ ನಾಣ್ಯ ಕೂಡಿಸುವುದು ನಮ್ಮಂಥ ಊರುಗಳಲ್ಲಿ ಕಳೆಯೇರಿದ್ದು, ನಾನು ಕಂಡುಕೊಂಡ ಮಟ್ಟಿಗೆ, 1957ರ ನಂತರ. ಆ ವರ್ಷದ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಮೂರುಕಾಸು, ಒಟ್ಟು 192 ಕಾಸು. ಅಂದಿನಿಂದ ರೂಪಾಯಿಗೆ ನೂರು ಪೈಸೆ. ಹದಿನಾರನ್ನು ನೂರಕ್ಕೆ ಹೊಂದಿಸುವುದು ಹೇಗೆ? ನಾಲ್ಕಾಣೆ ಸರಿಯಾಗಿ ಇಪ್ಪತ್ತೈದು ಪೈಸೆ. ಆದರೆ ಒಂದಾಣೆಗೆ ಆರೂಕಾಲು ಬರುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಸರ್ಕಾರ ಕೋಷ್ಟಕ ಮಾಡಿತು. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು. ಮೂರು ಸಲ ಬೇರೆಬೇರೆಯಾಗಿ ಒಂದೊಂದಾಣೆಯ ಸೊಪ್ಪು ಕೊಂಡವಳು ಹದಿನೆಂಟು ಪೈಸೆ ಕೊಡಬೇಕು, ಒಂದೇ ಸಲ ಮೂರಾಣೆಯ ಸೊಪ್ಪು ಕೊಂಡವಳು ಹತ್ತೊಂಬತ್ತು ಕೊಡಬೇಕು! ಸಂತೆಯಲ್ಲಿ ಜಗಳವಾಗದೆ ಇರುತ್ತದೆಯೇ? ಹೀಗೆ ಹಳೆಯದೂ ಹೊಸದೂ ಒಂದೇ ಗಲ್ಲಾದಲ್ಲಿ ಕೆಲವು ವರ್ಷ ಕೂಡಿ ಬಾಳಿದವು. 1964ರಲ್ಲಿ 'ನಯಾ' ಎಂಬ ಮಾತು ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಕಣ್ಣೆದುರೇ ಒಂದು ವ್ಯವಸ್ಥೆ ಮುಳುಗಿ ಇನ್ನೊಂದು ಏಳುವುದನ್ನು ಕಂಡವರಿಗೆ ಮುಳುಗುವುದನ್ನು ಹಿಡಿದಿಡಬೇಕೆನ್ನಿಸುವುದು ಸಹಜ.

ನಮ್ಮ ಮಾವನವರು ಹಾಗೆ ಹಿಡಿದಿಟ್ಟವರಲ್ಲೊಬ್ಬರು. ಮನೆಯದು ಕಿರಾಣಿ ಅಂಗಡಿ. 1957ರಲ್ಲಿ ಅವರಿಗೆ ಹತ್ತೊಂಬತ್ತು ವರ್ಷ, ಗಲ್ಲಾದ ಮೇಲೆ ಕೂರುತ್ತಿದ್ದವರು ಅವರೇ. ರಾತ್ರಿ ಲೆಕ್ಕ ಹಾಕುವಾಗ ಒಂದೊಂದನ್ನೇ ತೆಗೆದು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕುತ್ತಿದ್ದರಂತೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು 1943ರಿಂದ 1947ರವರೆಗೆ ನಡುವೆ ತೂತು ಕೊರೆದು ಹೊಡೆದ ಕಾಸು, ಅಂಚು ಹೂವಿನ ಎಸಳಿನಂತಿರುವ ಆಣೆ, ಚೌಕನೆಯ ಎರಡಾಣೆ, ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಬಂದ ಕುದುರೆಯ ಪೈಸೆ, ಬಸವನ ಆಣೆ. ಆಮೇಲೆ ಆರು ಮೂಲೆಯ ಮೂರು ಪೈಸೆ, 1964ರ ನೆಹರೂ ರೂಪಾಯಿ, 1969ರ ಗಾಂಧೀಜಿಯ ನಾಣ್ಯಗಳು. ಅವರು ಇದಕ್ಕಾಗಿ ಒಂದು ಪೈಸೆಯನ್ನೂ ಹೆಚ್ಚಿಗೆ ಖರ್ಚು ಮಾಡಿದವರಲ್ಲ. ಗಲ್ಲಾಕ್ಕೆ ಬಂದದ್ದರಲ್ಲಿ ಆರಿಸಿದರು, ಅಷ್ಟೇ.

ನನಗೆ ಇದು ಮುಖ್ಯವಾಗಿ ಕಾಣುತ್ತದೆ. ಈ ಹವ್ಯಾಸದ ತಾಯಿಬೇರು ಇರುವುದು ಕೈಗೆ ಬರುವ ಚಿಲ್ಲರೆಯಲ್ಲಿ. ನಾಳೆ ಏನು ಸಿಕ್ಕೀತೋ ಎಂಬ ಕುತೂಹಲದಲ್ಲಿ. ಆಗಿನ ನಾಣ್ಯಗಳನ್ನು ಕತ್ತಲಲ್ಲೂ ಬೆರಳಿನಿಂದಲೇ ಗುರುತಿಸಬಹುದಿತ್ತು. ಚೌಕ, ಷಟ್ಕೋನ, ಎಸಳು, ತೂತು, ಒಂದೊಂದಕ್ಕೂ ಒಂದೊಂದು ಮೈ. 1988ರಿಂದ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳು ಉಕ್ಕಿನಲ್ಲಿ ಬರತೊಡಗಿದವು, 1992ರಲ್ಲಿ ರೂಪಾಯಿಯೂ ಉಕ್ಕಾಯಿತು. ಎಲ್ಲವೂ ದುಂಡಗೆ, ಎಲ್ಲವೂ ಬೆಳ್ಳಗೆ. ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಎಂದು ಬಸ್ಸಿನ ಕಂಡಕ್ಟರೇ ಕಣ್ಣಿನ ಹತ್ತಿರ ಹಿಡಿದು ನೋಡುವ ಕಾಲ ಬಂತು. ಮುಖವಿಲ್ಲದ್ದನ್ನು ಯಾರು ಪ್ರೀತಿಸುತ್ತಾರೆ? ನೆನಪಿನ ನಾಣ್ಯಗಳೂ ಬರಬರುತ್ತಾ ಟಂಕಸಾಲೆಗೆ ದುಡ್ಡು ಕಟ್ಟಿ ತರಿಸಿಕೊಳ್ಳುವ ಪೆಟ್ಟಿಗೆಯ ವಸ್ತುಗಳಾದವು. ಮಾವನವರು ಅದನ್ನು ಒಪ್ಪಲೇ ಇಲ್ಲ. 'ಕೊಂಡು ತಂದರೆ ಅದು ಕೂಡಿಸಿದ್ದು ಹೆಂಗಾಗುತ್ತೆ?' ಎನ್ನುತ್ತಿದ್ದರು.

ಒಂದು ಸಲ ಅವರು ತಮ್ಮ ಡಬ್ಬಿಯನ್ನು ದೊಡ್ಡ ಊರಿನ ಒಬ್ಬ ನಾಣ್ಯವ್ಯಾಪಾರಿಗೆ ತೋರಿಸಲು ಒಯ್ದಿದ್ದರು. ಮಾರಲೆಂದಲ್ಲ, ತಿಳಿದವರೊಬ್ಬರು ನೋಡಲಿ ಎಂಬ ಆಸೆಯಿಂದ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತ ಎಂದು ಅವರೇ ಅಷ್ಟರಲ್ಲಿ ಕಲಿತುಕೊಂಡು ಚೀಟಿ ಬರೆದಿಟ್ಟಿದ್ದರು. ಆ ವ್ಯಾಪಾರಿ ಎಲ್ಲವನ್ನೂ ಬೆರಳಿನಲ್ಲಿ ಸರಿಸಿ 'ಸವೆದಿದೆ, ಸವೆದಿದೆ, ಇದಂತೂ ಉಜ್ಜಿದ್ದು, ಯಾವುದಕ್ಕೂ ರೇಟಿಲ್ಲ ಯಜಮಾನ್ರೇ' ಎಂದನಂತೆ. ಮನೆಗೆ ಬಂದವರು ಡಬ್ಬಿ ಮುಚ್ಚಿಟ್ಟರು. ಆಮೇಲೆ ಅವರು ಅದನ್ನು ತೆರೆದದ್ದನ್ನು ನಾನು ನೋಡಿಲ್ಲ.

'ಉಜ್ಜಿದ್ದು' ಎಂಬ ಮಾತಿಗೆ ಕಾರಣ ನಮ್ಮ ಅತ್ತೆಯವರು. ವರಮಹಾಲಕ್ಷ್ಮಿ ಹಬ್ಬಕ್ಕೆ ಡಬ್ಬಿಯಿಂದ ನಾಲ್ಕಾರು ನಾಣ್ಯ ಕೇಳಿ ಪಡೆದು, ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿ ಕಲಶದ ಮುಂದೆ ಇಡುತ್ತಿದ್ದರು. 1968ರಿಂದ 1971ರವರೆಗೆ ಬಂದ ಹಳದಿ ಬಣ್ಣದ, ತಾವರೆಯ ಗುರುತಿನ ಇಪ್ಪತ್ತು ಪೈಸೆ ಎಂದರೆ ಅವರಿಗೆ ಪ್ರಾಣ. ಲಕ್ಷ್ಮಿಯ ಹೂವಲ್ಲವೇ ಅದು? ನಿಮ್ಮಲ್ಲಿ ಎಷ್ಟೋ ಜನರ ದೇವರ ಮನೆಯಲ್ಲಿ ಆ ನಾಣ್ಯ ಇಂದಿಗೂ ಇದೆಯೆಂದು ಬಲ್ಲೆ. ಸಂಗ್ರಾಹಕರ ಶಾಸ್ತ್ರದ ಪ್ರಕಾರ ನಾಣ್ಯದ ಮೇಲಿನ ಕಿಲುಬನ್ನು ಮುಟ್ಟಬಾರದು, ಉಜ್ಜಿದರೆ ಬೆಲೆ ಬಿದ್ದುಹೋಗುತ್ತದೆ. ಅತ್ತೆಯವರ ಶಾಸ್ತ್ರದ ಪ್ರಕಾರ ಕಿಲುಬು ಹಿಡಿದದ್ದನ್ನು ದೇವರ ಮುಂದೆ ಇಡಬಾರದು. ಈ ಜಗಳ ಪ್ರತಿ ಶ್ರಾವಣದಲ್ಲೂ ನಡೆಯುತ್ತಿತ್ತು. ಇಬ್ಬರದೂ ಸರಿಯೇ. ಆದರೆ ಇಬ್ಬರಲ್ಲಿ ಯಾರ ಆಸಕ್ತಿ ಕೊನೆಯವರೆಗೆ ಉಳಿಯಿತು ಎಂದು ಕೇಳಿದರೆ ನಾನು ಅತ್ತೆಯವರ ಕಡೆಗೇ ಕೈ ತೋರಿಸಬೇಕಾಗುತ್ತದೆ. ಬೆಲೆ ಕೇಳಲು ಹೋದವರ ಹವ್ಯಾಸ ಬೆಲೆಯ ಜೊತೆಗೇ ಬಿತ್ತು. ಪೂಜೆಗೆ ಇಟ್ಟವರದಕ್ಕೆ ಬೀಳಲು ಬೆಲೆಯೇ ಇರಲಿಲ್ಲ.

ಬೆಲೆಯ ಮಾತು ಬಂದದ್ದರಿಂದ ಬೆಳ್ಳಿಯ ಕಥೆ ಹೇಳಬೇಕು. ಹಳೆಯ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು, ಈಗಿನ ಲೆಕ್ಕದಲ್ಲಿ ಹನ್ನೊಂದೂವರೆ ಗ್ರಾಂಗಿಂತ ತುಸು ಹೆಚ್ಚು. ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ಅದಕ್ಕೇ ಅದು ದುಡ್ಡೂ ಹೌದು, ತೂಕದ ಕಲ್ಲೂ ಹೌದು. ಎಂಬತ್ತು ರೂಪಾಯಿ ತೂಕ ಒಂದು ಪಕ್ಕಾ ಸೇರು, ಇಪ್ಪತ್ತನಾಲ್ಕು ರೂಪಾಯಿ ತೂಕ ಒಂದು ಕಚ್ಚಾ ಸೇರು. ಬಾಣಂತಿಯ ಔಷಧಕ್ಕೆ 'ಒಂದು ರೂಪಾಯಿ ತೂಕ ಮೆಣಸು, ಎಂಟಾಣೆ ತೂಕ ಹಿಪ್ಪಲಿ' ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಹೀಗಾಗಿ ಪ್ರತಿ ಮನೆಯಲ್ಲೂ ಹೆಂಗಸರ ವಶದಲ್ಲಿ ಒಂದೆರಡು ಬೆಳ್ಳಿ ರೂಪಾಯಿ ಇದ್ದೇ ಇರುತ್ತಿದ್ದವು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ಬೆಳ್ಳಿಯೇ ಇಲ್ಲದ ನಿಕ್ಕಲ್ ರೂಪಾಯಿ ಬಂತು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದ ಮೇಲೆ ತೂಕದ ಕೆಲಸವೂ ತಪ್ಪಿತು. ಕೆಲಸ ತಪ್ಪಿದ ರೂಪಾಯಿ ಕಪಾಟಿನೊಳಗೆ ಸುಮ್ಮನೆ ಕೂತಿತು.

ಕೂತದ್ದನ್ನು ಎಬ್ಬಿಸಿದ್ದು ಪೇಟೆಯ ಧಾರಣೆ. 1980ರ ಜನವರಿಯಲ್ಲಿ ಜಗತ್ತಿನ ಪೇಟೆಯಲ್ಲಿ ಬೆಳ್ಳಿ ಏಕಾಏಕಿ ಏರಿ ಕುಳಿತಿತು, 2011ರಲ್ಲಿ ಮತ್ತೊಮ್ಮೆ ಏರಿತು. ಮಗಳ ಮದುವೆ, ಮಗನ ಫೀಜು, ಬೋರ್‌ವೆಲ್ಲು, ಆಸ್ಪತ್ರೆ ಎಂದು ಯಾವುದೋ ಒಂದು ತುರ್ತಿಗೆ ಬೆಳ್ಳಿ ಅಂಗಡಿಗೆ ಹೋಯಿತು. ಅಲ್ಲಿ ರಾಣಿಯ ಮುಖವನ್ನು ಯಾರೂ ನೋಡುವುದಿಲ್ಲ, ತಕ್ಕಡಿಯ ಮುಳ್ಳನ್ನು ನೋಡುತ್ತಾರೆ. ಲಂಬಾಣಿ ಅಜ್ಜಿಯರ ರೂಪಾಯಿ ಹಾರಗಳು ಹೋದದ್ದೂ ಹೀಗೆಯೇ. ಸೊಸೆಯರು ಸೀರೆ ಉಟ್ಟು ಶಾಲೆಗೆ, ಆಫೀಸಿಗೆ ಹೋಗತೊಡಗಿದರು. ಭಾರದ ಹಾರ ಅವರಿಗೆ ಬೇಡವಾಯಿತು. ಅದನ್ನು ತಪ್ಪೆನ್ನಲು ನಾನು ಯಾರು? ಸಂಗ್ರಹ ಉಳಿಯಲಿ ಎಂದು ಹೆಣ್ಣುಮಗಳೊಬ್ಬಳ ಓದು ನಿಲ್ಲಬೇಕೇ? ಆದರೆ ಕರಗಿಸುವ ಮುಂಚೆ ಯಾವ ಅಜ್ಜಿಗೆ ಯಾವ ರೂಪಾಯಿ ಯಾರು ಕೊಟ್ಟರೆಂದು ಒಂದು ಸಾಲು ಬರೆದಿಟ್ಟಿದ್ದರೆ ಸಾಕಾಗಿತ್ತು ಎನ್ನಿಸುತ್ತದೆ.

ಮೂರನೆಯ ಕಾರಣ ಮೋಸ. ಹವ್ಯಾಸದೊಳಕ್ಕೆ ದುರಾಸೆ ಹೊಕ್ಕರೆ ಹಿಂದೆಯೇ ಮೋಸಗಾರ ಬರುತ್ತಾನೆ. ರಾಮ, ಸೀತೆ, ಆಂಜನೇಯರ ಚಿತ್ರವಿರುವ, 1818ರ ಈಸ್ಟ್ ಇಂಡಿಯಾ ಕಂಪನಿಯದು ಎಂದು ಹೇಳುವ ತಾಮ್ರದ ಬಿಲ್ಲೆಗಳನ್ನು ನೀವು ಕಂಡಿರಬಹುದು. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊಡೆಸಿಲ್ಲ. ಅಕ್ಕಿಯ ಕಾಳನ್ನು ತಾನೇ ಎಳೆದುಕೊಳ್ಳುತ್ತದೆ, ಕೋಟಿಗೆ ಬಾಳುತ್ತದೆ ಎಂದು 'ರೈಸ್ ಪುಲ್ಲರ್' ಹೆಸರಿನಲ್ಲಿ ಮೋಸ ಹೋದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಈಚೆಗೆ ಅದೇ ಮೋಸ ಮೊಬೈಲಿಗೆ ಬಂದಿದೆ. ವೈಷ್ಣೋದೇವಿಯ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ, ಟ್ರ್ಯಾಕ್ಟರಿನ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎನ್ನುತ್ತಾರೆ. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಹೀಗೆ ಎರಡು ಕಂತು ಕಟ್ಟಿ, ಗಂಡನಿಗೆ ಹೇಳಲಾರದೆ ನನ್ನ ಹತ್ತಿರ ಬಂದು ಅತ್ತಳು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಯಾವ ಶುಲ್ಕ ಕೇಳುವುದೂ ಇಲ್ಲ ಎಂದು ಸ್ಪಷ್ಟವಾಗಿ ಪ್ರಕಟಿಸಿದೆ. ದಯವಿಟ್ಟು ಇದನ್ನು ನಾಲ್ಕು ಜನರಿಗೆ ಹೇಳಿ. ಒಮ್ಮೆ ಸುಟ್ಟುಕೊಂಡವರು ಆಮೇಲೆ ನಾಣ್ಯ ಎಂದರೇ ಮುಖ ತಿರುಗಿಸುತ್ತಾರೆ.

ಇವೆಲ್ಲದರ ಮೇಲೆ ಕೊನೆಯ ಪೆಟ್ಟು, ನಾಣ್ಯವೇ ಕೈಗೆ ಬಾರದಿರುವುದು. 2011ರ ಜೂನ್ 30ರ ನಂತರ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ ಚಲಾವಣೆಯಿಂದ ಹೋಯಿತು. ಐವತ್ತು ಪೈಸೆ ಕಾನೂನಿನಲ್ಲಿ ಇದ್ದರೂ ಅಂಗಡಿಯಲ್ಲಿ ಇಲ್ಲ. ಹತ್ತು ರೂಪಾಯಿಯ ನಾಣ್ಯವನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ಮುಟ್ಟುತ್ತಲೇ ಇರಲಿಲ್ಲ. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಹೇಳಬೇಕಾಯಿತು. ಹಿಂದೆ ಹದಿನಾಲ್ಕು ವಿನ್ಯಾಸವೆಂದರೆ ಕೂಡಿಸುವವರಿಗೆ ಹಬ್ಬ. ಈಗ ಅದೇ ಹದಿನಾಲ್ಕು ವಿನ್ಯಾಸ ಅನುಮಾನಕ್ಕೆ ಕಾರಣ! 2016ರ ನವೆಂಬರಿನ ನೋಟು ರದ್ದತಿಯ ನಂತರ, ಅದರಲ್ಲೂ ಕೊರೋನಾದ ನಂತರ, ಕೊತ್ತಂಬರಿ ಕಟ್ಟಿಗೂ ಮೊಬೈಲು ತೋರಿಸುವುದು ರೂಢಿಯಾಯಿತು. ಮಾವನವರು ಕೂತಿದ್ದ ಗಲ್ಲಾದ ಮೇಲೆ ಈಗ ಕಪ್ಪು ಬಿಳುಪು ಚೌಕಗಳ ಹಲಗೆ ನಿಂತಿದೆ. ದುಡ್ಡು ಬಂತೆಂದು ಪೆಟ್ಟಿಗೆ ತಾನೇ ಕೂಗಿ ಹೇಳುತ್ತದೆ. ಅನುಕೂಲವೇನೋ ಹೌದು, ಚಿಲ್ಲರೆಗೆ ಬದಲು ಚಾಕೊಲೇಟು ಕೊಡುವ ಕಾಟ ತಪ್ಪಿತು. ಆದರೆ ಆ ಕೂಗಿನಿಂದ ಆರಿಸಿ ತೆಗೆದಿಡುವಂಥದ್ದು ಏನೂ ಇಲ್ಲ.

ಇದು ನಮ್ಮೂರಿನದಷ್ಟೇ ಕಥೆಯಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ರಟ್ಟಿನ ಹಲಗೆಯಲ್ಲಿ ಇಸವಿಗೊಂದು ಗುಂಡಿ ಕೊರೆದು ಮಾರುತ್ತಿದ್ದರು. ಮಕ್ಕಳು ದೊಡ್ಡವರೆನ್ನದೆ ಜೇಬಿನ ಚಿಲ್ಲರೆಯಿಂದ ಆ ಗುಂಡಿಗಳನ್ನು ತುಂಬುತ್ತಿದ್ದರು. 1965ರಲ್ಲಿ ಅಲ್ಲಿನ ಸಣ್ಣ ನಾಣ್ಯಗಳಿಂದ ಬೆಳ್ಳಿಯನ್ನು ತೆಗೆದರು. ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ಜನ ಬಚ್ಚಿಟ್ಟರು, ಜೇಬು ಬರಿದಾಯಿತು. 1999ರಿಂದ 2008ರವರೆಗೆ ರಾಜ್ಯಕ್ಕೊಂದರಂತೆ ಐವತ್ತು ಬಗೆಯ ಕಾಲು ಡಾಲರು ಹೊಡೆಸಿದಾಗ ಮನೆಮನೆಯಲ್ಲೂ ಮತ್ತೆ ಹುಮ್ಮಸ್ಸು ಬಂತು. ಏಕೆಂದರೆ ಅವು ಮತ್ತೆ ಜೇಬಿಗೇ ಬಂದವು! ಐವತ್ತೂ ತುಂಬಿದ ಮೇಲೆ, ಕಾಲು ಡಾಲರಿಗೆ ಕಾಲು ಡಾಲರೇ ಬೆಲೆ ಎಂದು ತಿಳಿದ ಮೇಲೆ, ಬಹಳ ಜನ ಅಲ್ಲಿಗೇ ಬಿಟ್ಟರು. ಗುಂಡಿ ತುಂಬುವುದೇ ಗುರಿಯಾದರೆ, ತುಂಬಿದ ದಿನವೇ ಆಸಕ್ತಿಗೆ ಕೊನೆಯ ದಿನ.

ಹಾಗಾದರೆ ಗುಂಡಿ ತುಂಬಿದ ಮೇಲೂ ಉಳಿಯುವುದು ಯಾವುದು? ಕಥೆ. 1911ರಲ್ಲಿ ಐದನೆಯ ಜಾರ್ಜನ ಹೊಸ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ, ನೋಡುವವರಿಗೆ ಹಂದಿಯಂತೆ ಕಂಡಿತು. ಗದ್ದಲವೆದ್ದಿತು. ಸರ್ಕಾರ ಅದನ್ನು ನಿಲ್ಲಿಸಿ, ಉಳಿದದ್ದನ್ನು ಕರಗಿಸಿ, 1912ರಲ್ಲಿ ಸರಿಯಾದ ಸೊಂಡಿಲಿನ ಆನೆಯನ್ನು ತಂದಿತು. ಈ 'ಹಂದಿ ರೂಪಾಯಿ'ಯ ಕಥೆಯನ್ನು ನಮ್ಮ ಮನೆಯ ಮಕ್ಕಳಿಗೆ ಹೇಳಿದಾಗ, ಅದುವರೆಗೆ ಡಬ್ಬಿಯ ಕಡೆ ತಿರುಗಿಯೂ ನೋಡದಿದ್ದವರು ಭೂತಗನ್ನಡಿ ಹುಡುಕಿಕೊಂಡು ಬಂದರು. ಇಸವಿ, ಟಂಕಸಾಲೆ, ತೂಕ ಹೇಳಿದ್ದರೆ ಬರುತ್ತಿರಲಿಲ್ಲ.

ಮಾವನವರು ತೀರಿಕೊಂಡಾಗ ಡಬ್ಬಿಯಲ್ಲಿ ಅವರ ಚೀಟಿಗಳಿದ್ದವು. ಎಲ್ಲ ಚೀಟಿಗಳಲ್ಲೂ ಇಸವಿ ಮತ್ತು ಟಂಕಸಾಲೆ, ಬೇರೇನೂ ಇಲ್ಲ. ಗಂಡುಮಕ್ಕಳು ಕೂತು ಮಾತಾಡಿ, ಇಟ್ಟುಕೊಂಡು ಮಾಡುವುದೇನು ಎಂದು ಕೊಡಲು ನಿರ್ಧರಿಸಿದರು. ಬೆಳ್ಳಿ ಒಂದು ಕಡೆ, ತಾಮ್ರ ಒಂದು ಕಡೆ, ಉಳಿದದ್ದು ಒಂದು ಕಡೆ, ಎಲ್ಲವೂ ತೂಕಕ್ಕೆ ಹೋಯಿತು. ಐವತ್ತು ವರ್ಷ ಕೂಡಿಸಿದ್ದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಯಾರೂ ಕೆಟ್ಟವರಲ್ಲ. ಅವುಗಳಲ್ಲಿ ತಮ್ಮದು ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೊಡುವ ಮುಂಚೆ ಅತ್ತೆಯವರು ಏಳು ನಾಣ್ಯ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡರು. 'ಇವು ತೂಕಕ್ಕಲ್ಲ ಕಣವ್ವ' ಎಂದು ನನಗೆ ಒಂದೊಂದನ್ನೇ ತೋರಿಸಿದರು. ಈ ತೂತಿನ ಕಾಸು ನನ್ನ ಗಂಡ ಕೂಸಾಗಿದ್ದಾಗ ಉಡಿದಾರಕ್ಕೆ ಕಟ್ಟಿದ್ದು. ಈ ರಾಣಿ ರೂಪಾಯಿ ಅವರ ಮದುವೆಗೆ ತವರಿನ ಅಜ್ಜಿ ಮುಯ್ಯಿ ಹಾಕಿದ್ದು. ಈ ಚೌಕನೆಯ ಎರಡಾಣೆ ಅತ್ತೆಯವರು ಮೊದಲ ಸಲ ತಮ್ಮ ಕೈಯಾರೆ ಹಾಲು ಮಾರಿ ತಂದದ್ದು. ಅದನ್ನು ಅವರು ಗಲ್ಲಾಕ್ಕೆ ಹಾಕಿದ್ದರಂತೆ, ಮಾವನವರು ಮಾತಿಲ್ಲದೆ ತೆಗೆದು ಡಬ್ಬಿಯಲ್ಲಿಟ್ಟಿದ್ದರಂತೆ. ಚೀಟಿಯಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. ಹೆಂಡತಿಯ ಮೊದಲ ಸಂಪಾದನೆಯನ್ನು ಅಷ್ಟು ಜೋಪಾನವಾಗಿಟ್ಟ ಮನುಷ್ಯ ಅದನ್ನು ಬರೆದಿಡಲು ಸಂಕೋಚಪಟ್ಟು ಇಸವಿ ಮಾತ್ರ ಬರೆದರು! ಆ ಏಳು ಇನ್ನೂ ನಮ್ಮ ದೇವರ ಮನೆಯಲ್ಲಿವೆ, ಮಕ್ಕಳಿಗೆ ಏಳರ ಕಥೆಯೂ ಬಾಯಿಪಾಠ.

ದೊಡ್ಡ ಚರಿತ್ರೆಯನ್ನು ಕಾಯುವವರು ಇದ್ದಾರೆ, ಆ ಬಗ್ಗೆ ಚಿಂತೆಯಿಲ್ಲ. ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಬಗ್ಗೆ 1975ರಲ್ಲೇ ಗ್ರಂಥ ಬರೆದರು. ಶಿವಮೊಗ್ಗದ ಬಳಿ ಲಕ್ಕಿನಕೊಪ್ಪದಲ್ಲಿ ಎಚ್. ಖಂಡೋಬರಾವ್ ಅವರು ಕಟ್ಟಿದ 'ಅಮೂಲ್ಯ ಶೋಧ' ಸಂಗ್ರಹಾಲಯವಿದೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನವರು, ತಮ್ಮ ಬ್ಯಾಂಕು 1906ರಲ್ಲಿ ಹುಟ್ಟಿದ ಊರೆಂದು, ನಾಣ್ಯಗಳ ಸಂಗ್ರಹಾಲಯ ಮಾಡಿದರು. 2020ರಲ್ಲಿ ಆ ಬ್ಯಾಂಕೇ ಇನ್ನೊಂದರಲ್ಲಿ ಸೇರಿಹೋಯಿತು. ಇಕ್ಕೇರಿ ವರಾಹವನ್ನೂ ಟಿಪ್ಪುವಿನ ಆನೆಯನ್ನೂ ಅಂಥ ಕಡೆ ನೋಡಬಹುದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ.

ಆದರೆ ಹಾಲು ಮಾರಿದ ಎರಡಾಣೆ ಯಾವ ಸಂಗ್ರಹಾಲಯದಲ್ಲೂ ಇಲ್ಲ. ಅದು ನಮ್ಮ ನಿಮ್ಮ ಸಾಸಿವೆ ಡಬ್ಬಿಯಲ್ಲಿ, ಹಳೆಯ ಪರ್ಸಿನ ಮೂಲೆಯಲ್ಲಿ, ಮದುವೆಯ ಲಕೋಟೆಗೆ ಅಂಟಿಸಿ ಬಂದ ಒಂದು ರೂಪಾಯಿಯಲ್ಲಿ ಇದೆ. ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಯಾರು ಕೊಟ್ಟದ್ದು, ಏನು ಬರುತ್ತಿತ್ತು ಇದಕ್ಕೆ, ಏಕೆ ಖರ್ಚು ಮಾಡಲಿಲ್ಲ? ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಇಸವಿಯನ್ನು ಬರೆಯದಿದ್ದರೂ ನಡೆಯುತ್ತದೆ, ಅದು ನಾಣ್ಯದ ಮೇಲೆಯೇ ಇರುತ್ತದೆ.